ಹೆಂಗಸರ ವಸತಿಗೃಹದಿಂದ

ಬುಧವಾರ, ಸಂಜೆ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಮನೆಯ ಹಲ್ಲಿನವಳ ನಮಸ್ಕಾರ. ಕ್ಷೇಮಸಮಾಚಾರ ಆಮೇಲೆ. ಮೊದಲು ಇದನ್ನು ಓದಿ: ಪೆಟ್ಟಿಗೆಗಳಿಗೆ ಬೆಂಕಿ ಇಡಬೇಡಿ. ಪಕ್ಕದ ಮನೆಯ ದರ್ಜಿಯವರಿಗೆ ಮಧ್ಯಾಹ್ನವೇ ಫೋನ್ ಮಾಡಿದ್ದೇನೆ. "ಅಮ್ಮನ ಒಳ್ಳೇ ಕಿವಿ ಕಡೆ ನಿಂತು ಹೇಳಿ. ಆ ಕಡೆ ನಿಂತ್ರೆ 'ಸುಡಬೇಡಿ'ಯಲ್ಲಿ 'ಬೇಡ' ಬಿಟ್ಟುಹೋಗಿ 'ಸುಡಿ' ಮಾತ್ರ ಉಳಿದೀತು" ಎಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ. ಫೋನಿನಲ್ಲಿ ನಿಮ್ಮ ಜೊತೆ ಮಾತೆಂದರೆ ನಾನೊಂದು ಕೇಳಿ ನೀವೊಂದು ಹೇಳುವುದು. ಅದಕ್ಕೇ ಇಷ್ಟುದ್ದ ಕಾಗದ ಬರೆದು ತುರ್ತು ಅಂಚೆಗೆ ಹಾಕುತ್ತಿದ್ದೇನೆ.

ನಡೆದದ್ದು ನಿಮಗೆ ಗೊತ್ತು. ಆದರೆ ಅದು ನನಗೆ ಹೇಗೆ ಕಂಡಿತೆಂದು ಗೊತ್ತಿಲ್ಲ. ಜೇನು ತಪಾಸಣೆಯವರು ಗೋಡೆ ಪಕ್ಕದ ಪೆಟ್ಟಿಗೆ ತೆಗೆದರು. ಮೇಣದ ಎರಿಯ ಕಣ್ಣುಗಳೊಳಗೆ ಸತ್ತು ಮಲಗಿದ್ದ ಮರಿಹುಳುಗಳನ್ನು ನೋಡಿದರು. "ಇದು ಕೆಟ್ಟ ಕೊಳೆರೋಗ ಅಮ್ಮ, ಮದ್ದಿಲ್ಲ. ಭಾನುವಾರದ ಒಳಗೆ ಗುಂಡಿ ತೋಡಿ ಎಲ್ಲ ಪೆಟ್ಟಿಗೆ ಸುಟ್ಟುಬಿಡಿ. ಇಲ್ದಿದ್ರೆ ಸುತ್ತಲಿನವರ ಜೇನಿಗೂ ಹತ್ತುತ್ತೆ" ಎಂದರು. ನೀವು ಎದುರು ಮಾತಾಡುತ್ತೀರಿ, ನಿಮ್ಮ ಮುಂದೆ ಅವರ ಆಟ ನಡೆಯುವುದಿಲ್ಲ ಎಂದುಕೊಂಡು ನಾನು ಸೆರಗು ಕಟ್ಟಿ ನಿಂತಿದ್ದೆ. ನೀವು ಮುಖದ ಬಲೆ ಬಿಚ್ಚಿ ಮೊಳೆಗೆ ತೂಗುಹಾಕಿ ಒಳಗೆ ಹೋಗಿ ಬಟ್ಟೆ ಮಡಚತೊಡಗಿದಿರಿ. "ಜೇನಿಲ್ಲದ ಮೇಲೆ ನನಗಿಲ್ಲಿ ಏನು ಕೆಲಸ? ಮಗಳ ಮನೆಗೆ ಹೋಗಿ ಮೊಮ್ಮಕ್ಕಳ ಮೂಗು ಒರೆಸ್ಕೊಂಡಿರ್ತೀನಿ" ಎಂದಿರಿ. ನಿಮ್ಮ ಮಗ ಮನೆ ಬಿಟ್ಟು ಈ ಊರು ಸೇರಿದ ದಿನವೂ ನೀವು ಹೀಗೆ ಕೈಚೆಲ್ಲಿ ಕೂತಿರಲಿಲ್ಲ. ಅವತ್ತು ನನಗೆ ತಟ್ಟೆ ಹಾಕಿ, ಬಡಿಸಿ, "ತಿನ್ನು, ಅಳೋದಕ್ಕೂ ಶಕ್ತಿ ಬೇಕು" ಎಂದಿದ್ದಿರಿ. ಅಲ್ಲಿಂದ ಇಲ್ಲಿಯವರೆಗೆ ನಾವಿಬ್ಬರೇ ಒಂದೇ ಒಲೆಯ ಮುಂದೆ ಕೂತಿದ್ದೇವೆ. "ಗಂಡನೇ ಇಲ್ಲದ ಮನೇಲಿ ಅತ್ತೆ ಜೊತೆ ಏನು ಸಂಸಾರ?" ಎಂದು ಜನ ಆಡಿಕೊಂಡರೂ ನಮ್ಮ ಸಂಸಾರ ಚೆನ್ನಾಗಿಯೇ ಇತ್ತು. ನೀವು ಸೀರೆ ಮಡಚುವುದನ್ನು ನೋಡಿ ನಾನೂ ನನ್ನ ಚೀಲ ಕೆಳಗಿಳಿಸಿದೆ.

ನನಗೆ ಹೇಗೂ ಈ ಊರಿನಲ್ಲಿ ಒಂದು ಸಣ್ಣ ಕೆಲಸವಿತ್ತು. ಇಲ್ಲಿ ಜೇನುಶಾಸ್ತ್ರದ ಪಂಡಿತರದ್ದೊಂದು ಹಳೆಯ ಸಂಘವಿದೆ, ಅವರ ಹತ್ತಿರ ಜೇನಿನ ಪುಸ್ತಕಗಳೇ ತುಂಬಿದ ಒಂದು ಮನೆಯಿದೆ ಎಂದು ನಮ್ಮ ಹಲ್ಲಿನ ಡಾಕ್ಟರ್ ಹಿಂದೊಮ್ಮೆ ಹೇಳಿದ್ದರು. ಅವರಲ್ಲಿ ರಜೆ ಕೇಳಿ ಹೊರಟೆ. ಹೊರಡುವ ಮುಂಚೆ ನೀವು ನೋಡದಂತೆ ಗೋಡೆ ಪಕ್ಕದ ಪೆಟ್ಟಿಗೆಯಿಂದ ಅಂಗೈಯಷ್ಟು ಎರಿ ಕತ್ತರಿಸಿಕೊಂಡು, ನಾನು ಮಾಡಿದ ಹಲ್ಲಿನ ಸೆಟ್ ಕಳಿಸುವ ಡಬ್ಬಿಯಲ್ಲಿಟ್ಟು ಚೀಲಕ್ಕೆ ಹಾಕಿಕೊಂಡೆ. ಬಾಗಿಲಲ್ಲಿ ನಿಂತು ನೀವು ನಿಮ್ಮ ಮಗನಿಗೆ ಹೇಳಿಕಳಿಸಿದ ಮಾತೂ ಜೊತೆಗಿತ್ತು. ಅದರ ವಿಷಯ ಆಮೇಲೆ ಬರೆಯುತ್ತೇನೆ.

ಸಂಘದ ಮನೆ ದೊಡ್ಡ ಬೀದಿಯಲ್ಲಿಲ್ಲ. ದೀಪದ ಬುರುಡೆ ಮಾರುವ ಅಂಗಡಿಗೂ ಸೈಕಲ್ ರಿಪೇರಿಯವನಿಗೂ ನಡುವೆ ಒಂದು ಕಿರಿದಾದ ಬಾಗಿಲು. ನಾನು ಅದನ್ನು ದಾಟಿ ಹೋಗಿ ಹಿಂದಕ್ಕೆ ಬಂದೆ. ಸೈಕಲಿನವನನ್ನು ಕೇಳಿದರೆ ತಲೆಯೆತ್ತದೆ, "ಹುಳದ ಸಂಘಾನಾ? ಮೇಲೆ ಹೋಗಿ. ಕಡಿಯಲ್ಲ" ಎಂದ. ಮರದ ಮೆಟ್ಟಿಲು ಹತ್ತುತ್ತಿದ್ದಂತೆ ನಿಮ್ಮ ಕೈಯ ವಾಸನೆ ಬಂತು ಅತ್ತೆ, ಮೇಣದ ವಾಸನೆ. ನೆಲಕ್ಕೂ ಮೇಜುಗಳಿಗೂ ಅವರು ಜೇನುಮೇಣವನ್ನೇ ತಿಕ್ಕುತ್ತಾರಂತೆ. ಹೆದರಿ ಹತ್ತುತ್ತಿದ್ದವಳಿಗೆ ಅಷ್ಟರಲ್ಲೇ ಅರ್ಧ ಧೈರ್ಯ ಬಂತು.

ಬಾಗಿಲ ಒಳಗೆ ಗ್ರಂಥಪಾಲಕಿ ಕೂತಿದ್ದರು. ನೀಳವಾದ ಹೆಂಗಸು, ನರೆತ ಕೂದಲನ್ನು ಪೆನ್ಸಿಲ್ ಸಿಕ್ಕಿಸಿ ಗಂಟು ಹಾಕಿದ್ದರು. ಸದಸ್ಯರೇ ಎಂದು ಕೇಳಿದರು. ಅಲ್ಲ ಎಂದೆ. ಸದಸ್ಯರಿಂದ ಪರಿಚಯಪತ್ರ ತಂದಿದ್ದೀರಾ ಎಂದರು. ಇಲ್ಲ ಎಂದೆ. ಇದು ಸದಸ್ಯರಿಗಾಗಿ ಇರುವ ಜಾಗ, ಸಾರ್ವಜನಿಕ ಗ್ರಂಥಾಲಯ ಪೇಟೆಯಲ್ಲಿದೆ ಎಂದು ಬಹಳ ಮರ್ಯಾದೆಯಿಂದಲೇ ಹೇಳಿದರು. ಬರುವಾಗ ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಆ ಹೊತ್ತಿಗೆ ಮರೆತುಹೋಯಿತು.

"ನಮ್ಮತ್ತೆ ಜೇನು ಸಾಯ್ತಾ ಇದೆ" ಎಂದುಬಿಟ್ಟೆ. ಅಳು ಬಂದೇಬಿಟ್ಟಿತು.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಎದ್ದು ಗೋಡೆಯ ಮೇಲಿನ ಒಂದು ಚೌಕಟ್ಟು ತೋರಿಸಿದರು. ಸಂಘ ಕಟ್ಟಿದವರು ಬರೆದ ನಿಯಮಗಳು ಅದರಲ್ಲಿದ್ದವು. ಎಲ್ಲಕ್ಕಿಂತ ಮೇಲಿನದು ಹೀಗಿತ್ತು: "ಜೇನಿನ ಕಾಯಿಲೆಗೆ ದಾರಿ ಹುಡುಕಿಕೊಂಡು ಬಂದವರನ್ನು ಪರಿಚಯಪತ್ರ ಕೇಳಿ ಬಾಗಿಲಲ್ಲಿ ನಿಲ್ಲಿಸತಕ್ಕದ್ದಲ್ಲ."

"ಅದನ್ನ ಮೊದಲೇ ಹೇಳ್ಬಾರ್ದಾ? ಬನ್ನಿ, ಕೂತ್ಕೊಳ್ಳಿ" ಎಂದರು.

ಇನ್ನು ನನ್ನ ಜಾಣತನ ಕೇಳಿ. ಕೂತವಳೇ ಚೀಲದಿಂದ ಡಬ್ಬಿ ತೆಗೆದು ಅವರ ಮೇಜಿನ ಮೇಲಿಟ್ಟು ಮುಚ್ಚಳ ತೆಗೆಯಹೋದೆ. ಡಬ್ಬಿಯ ಮೇಲೆ ಹಲ್ಲಿನ ಚಿತ್ರವಿದೆಯಲ್ಲ, ಅವರು ಗಾಬರಿಯಿಂದ, "ಹಲ್ಲು ಯಾಕೆ ತೆಗೀತಿದೀರಿ?" ಎಂದರು. "ಹಲ್ಲಲ್ಲ, ರೋಗ ಬಂದ ಎರಿ" ಎಂದೆ. ಆ ಶಾಂತ ಹೆಂಗಸು ಎರಡೂ ಕೈಯಿಂದ ಡಬ್ಬಿಯನ್ನು ಅದುಮಿ ಹಿಡಿದು, ನಿಮ್ಮ ಒಲೆಯ ಮೇಲೆ ಹಾಲುಕ್ಕಿದಾಗ ನೀವು ಕೂಗುವಂತೆ ಕೂಗಿದರು. ಆಗ ಕಿಟಕಿಯಾಚೆ ನೋಡಿದೆ. ಅವರ ತಾರಸಿಯ ಮೇಲೇ ಜೇನುಪೆಟ್ಟಿಗೆಗಳಿವೆ! ಗಾಜಿಗೆ ಮೈ ತಾಗಿಸಿಕೊಂಡು ಜೇನು ಓಡಾಡುತ್ತಿವೆ! ಅವರ ಮಕ್ಕಳಂಥ ಜೇನಿರುವ ಮನೆಗೆ ನಾನು ಅಂಟುರೋಗ ಹೊತ್ತು ತಂದಿದ್ದೆ.

ಕಿಟಕಿಗಳನ್ನೆಲ್ಲ ಮುಚ್ಚಿದರು. ಹಿಂದಿನ ಬಚ್ಚಲಿಗೆ ಕರೆದುಕೊಂಡು ಹೋಗಿ ಮೊಣಕೈವರೆಗೆ ಸೋಪು ಹಾಕಿ ತೊಳೆಸಿದರು, ತಾವೂ ತೊಳೆದುಕೊಂಡರು. ಡಬ್ಬಿಯನ್ನು ಬಿಗಿ ಮುಚ್ಚಳದ ಗಾಜಿನ ಜಾಡಿಯೊಳಗಿಟ್ಟು ಬಾಯಿಗೆ ಮೇಣ ಸುರಿದರು. ಇಷ್ಟೂ ಹೊತ್ತು ಬೈದರು. ನೀವು ಜೊತೆಗಿದ್ದಿದ್ದರೆ ನೀವೂ ಸೇರಿಕೊಂಡು ಬೈಯುತ್ತಿದ್ದಿರಿ, ನನಗೆ ಗೊತ್ತು. ಇನ್ನೇನು ಹೊರಗೆ ದಬ್ಬುತ್ತಾರೆ ಎಂದು ಚೀಲ ಹೆಗಲಿಗೇರಿಸಿದೆ. ಅವರು ಟವಲು ಕೊಟ್ಟು, "ನಮ್ಮ ಕಣ್ಣಿನ ಡಾಕ್ಟರು ನಾಳೆ ಬರ್ತಾರೆ, ಸೂಕ್ಷ್ಮದರ್ಶಕದಲ್ಲಿ ನೋಡ್ತಾರೆ. ಅಲ್ಲೀವರೆಗೆ ಕೂತು ಓದಿ. ಅತ್ತುಕೊಂಡು ಕೂತ್ರೆ ಏನು ಬಂತು?" ಎಂದರು.

ಆ ಓದುಕೋಣೆಯನ್ನು ಹೇಗೆ ಹೇಳಲಿ? ನೀವು ಮೊದಲ ಸಲ ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಿದಾಗ ನಾನು ಬಾಯಿ ಬಿಟ್ಟು ನಿಂತಿದ್ದೆನಲ್ಲ, ಹಾಗೇ ನಿಂತೆ. ನೆಲದಿಂದ ಸೂರಿನವರೆಗೆ ಪುಸ್ತಕ. ಎಲ್ಲವೂ ಜೇನಿನವೇ. ರಾಣಿಗೇ ಒಂದು ಕಪಾಟು, ಮೇಣಕ್ಕೆ ಒಂದು, ಜೇನಿನ ಕಾಲಿಗೆ ಅಂಟುವ ಪರಾಗಕ್ಕೆ ಎರಡು. ನಾನು ಕೇಳಿಯೂ ಇರದ ಭಾಷೆಗಳಲ್ಲಿ, ಯಾವ್ಯಾವುದೋ ಲಿಪಿಗಳಲ್ಲಿ. ಗೋಡೆಯ ಮೇಲೆ ಅಧ್ಯಕ್ಷರ ಪಟಗಳಿಲ್ಲ. ಗಾಜಿನ ಹಿಂದೆ ಒಣಗಿದ ಎರಿಗಳನ್ನು ತೂಗುಹಾಕಿದ್ದಾರೆ. ಏಣಿಗೆ ಚಕ್ರವಿದೆ, ತಳ್ಳಿದರೆ ಕಪಾಟಿನುದ್ದಕ್ಕೂ ಓಡುತ್ತದೆ. ಕುರ್ಚಿಗಳ ಕೈ ಎಷ್ಟು ತಲೆಮಾರು ಸವೆಸಿತ್ತೋ, ನಮ್ಮ ಒರಳಿನ ಬಾಯಿಯಷ್ಟು ನುಣುಪು. ಮೂಲೆಯಲ್ಲಿ ಒಬ್ಬರು ಜೇನಿನ ಒಂದೇ ಒಂದು ಕಾಲನ್ನು ಎದುರಿಗಿಟ್ಟುಕೊಂಡು ದೊಡ್ಡ ಹಾಳೆಯಲ್ಲಿ ಬಿಡಿಸುತ್ತಿದ್ದರು. ಎರಡು ದಿನವೂ ಅದೇ ಕಾಲು! ಆದರೆ ನಗು ಬರಲಿಲ್ಲ. ಇಷ್ಟು ಜನ ಇಷ್ಟು ಕಾಲ ಒಂದು ಹುಳದ ಮುಂದೆ ತಲೆ ಬಗ್ಗಿಸಿ ಕೂತಿದ್ದಾರೆ ಎಂದರೆ, ಹಿತ್ತಲಲ್ಲಿ ನೀವು ಕೂತಿರುತ್ತಿದ್ದದ್ದು ಒಂಟಿಯಾಗಿ ಅಲ್ಲ ಅನ್ನಿಸಿತು.

ಗ್ರಂಥಪಾಲಕಿ ನನಗೆ ಓದಲು ಬರುವ ಪುಸ್ತಕಗಳನ್ನು ಆರಿಸಿ ತಂದರು. ಬಾರದವನ್ನು ತಾವೇ ಪಕ್ಕದಲ್ಲಿ ಕೂತು ಓದಿ ಹೇಳಿದರು. ಒಂದರಲ್ಲಿ ಕೈಯಿಂದ ಬಣ್ಣ ಹಾಕಿದ ಚಿತ್ರಗಳಿದ್ದವು, ರೋಗ ಬಂದ ಮರಿಹುಳುಗಳದ್ದು. ನಾನು ಹಲ್ಲಿಗೆ ಬಣ್ಣ ಹೊಂದಿಸುವವಳಲ್ಲವೇ? ಬಿಳಿಯಲ್ಲೇ ಹತ್ತು ಬಗೆ ಹೇಳಬಲ್ಲೆ. ನಮ್ಮ ಮರಿಹುಳುಗಳದ್ದು ಹಳದಿಗೆ ತಿರುಗಿದ ಬಿಳಿ, ಕಾಫಿ ಬಣ್ಣವಲ್ಲ. ಚಿತ್ರದಲ್ಲಿದ್ದ ಕೆಟ್ಟ ಕೊಳೆರೋಗ ಕಾಫಿ ಬಣ್ಣದ್ದು. ನನಗೆ ಜೀವ ಬಂದಂತಾಯಿತು. ಅವರು ಮಾತ್ರ ತಲೆಯಾಡಿಸಿ, "ಆ ಬಣ್ಣ ನಂಬಬೇಡಿ, ಹಳೇ ಹಾಳೆ, ಮಾಸಿ ಕಪ್ಪಾಗಿದೆ" ಎಂದರು. ಮತ್ತೆ ಜೀವ ಹೋಯಿತು.

ಆಮೇಲೆ ತಿಳಿದದ್ದಿಷ್ಟು. ಮರಿಹುಳು ಕೊಳೆಯುವ ರೋಗ ಎರಡು ಬಗೆ. ಒಂದು, ತಪಾಸಣೆಯವರು ಹೇಳಿದ್ದು. ಅದರ ಬೀಜ ಪೆಟ್ಟಿಗೆಯ ಮರದಲ್ಲೇ ತಲೆಮಾರುಗಟ್ಟಲೆ ಸಾಯದೆ ಉಳಿಯುತ್ತದೆ. ಸುಡದೆ ಬೇರೆ ದಾರಿಯಿಲ್ಲ. ಹಾಗಾಗಿ ಅವರು ಹೇಳಿದ್ದು ದುರುದ್ದೇಶದಿಂದಲ್ಲ, ಅವರ ಮೇಲೆ ಸಿಟ್ಟು ಬೇಡ. ಇನ್ನೊಂದು ಬಗೆ ನೋಡಲು ಹೆಚ್ಚುಕಡಿಮೆ ಹಾಗೇ, ಹುಳಿ ವಾಸನೆಯದ್ದು, ಕಣ್ಣಿಗೆ ಮುಚ್ಚಳ ಬೀಳುವ ಮೊದಲೇ ಮರಿಗಳನ್ನು ಕೊಲ್ಲುತ್ತದೆ. ಅದಾದರೆ ಕುಟುಂಬವನ್ನು ಉಳಿಸಿಕೊಳ್ಳಬಹುದು. ನಮ್ಮದು ಯಾವುದು? ಒಂದು ಪುಸ್ತಕ ಓದಿದರೆ ಇದು ಅನ್ನಿಸುತ್ತಿತ್ತು, ಇನ್ನೊಂದು ಓದಿದರೆ ಅದು. ಪುಸ್ತಕಗಳ ಅಂಚಿನಲ್ಲಿ ಹಳೆಯ ಸದಸ್ಯರು ಪೆನ್ಸಿಲಿನಲ್ಲಿ ಜಗಳವಾಡಿದ್ದರು. "ಇದು ಶುದ್ಧ ತಪ್ಪು" ಎಂದು ಒಬ್ಬರು. ಅದರ ಕೆಳಗೆ ಬೇರೆ ಕೈಬರಹ: "ತಪ್ಪು ನಿಮ್ಮ ಕನ್ನಡಕದ್ದು." ಅದರ ಕೆಳಗೆ ಮೂರನೆಯವರು: "ಇಬ್ಬರೂ ಸುಮ್ಮನಿರಿ, ನನ್ನ ಜೇನು ಉಳಿಯಿತು." ಆ ಮೂರನೆಯವರನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಯಾವ ಕಾಲದವರೋ, ಹೇಗೆ ಉಳಿಯಿತೆಂದು ಮಾತ್ರ ಬರೆದಿರಲಿಲ್ಲ!

ಇವತ್ತು ಬೆಳಿಗ್ಗೆ ಡಾಕ್ಟರು ಬಂದರು. ಕಣ್ಣಿನ ಆಸ್ಪತ್ರೆಯಿಂದ ನಿವೃತ್ತಿಯಾದವರು, ನಿಮಗಿಂತ ಹಿರಿಯರು, ಕುಳ್ಳಗೆ ದುಂಡಗಿದ್ದಾರೆ. ಕೆಲಸ ಬಿಟ್ಟ ಮೇಲೆ ಮನುಷ್ಯರ ಕಣ್ಣು ಸಾಕಾಗಿ ಎರಿಯ ಕಣ್ಣಿಗೆ ಇಳಿದೆ ಎಂದು ತಾವೇ ಹೇಳಿ ನಕ್ಕರು. ನಕ್ಕಾಗ ಅವರ ಕೆಳಗಿನ ಹಲ್ಲಿನ ಸೆಟ್ ಟಕ್ಕೆಂದು ಮೇಲೆದ್ದಿತು. ಮಾತಿಗೊಂದು ಟಕ್. ನನ್ನ ಬುದ್ಧಿ ನೋಡಿ, ಇಂಥ ಹೊತ್ತಿನಲ್ಲೂ ಅದು ಎಡಗಡೆ ಎತ್ತರವಾಗಿದೆ ಎಂದು ಲೆಕ್ಕ ಹಾಕುತ್ತಿತ್ತು.

ಹಿಂದಿನ ಕೋಣೆಯಲ್ಲಿ ಜಾಡಿಯ ಮೇಣ ಒಡೆದು ಎರಿ ತೆಗೆದರು. ಬೆಂಕಿಕಡ್ಡಿಯ ಹಿಂದಿನ ತುದಿಯನ್ನು ಸತ್ತ ಮರಿಯೊಳಗೆ ಚುಚ್ಚಿ ಮೆಲ್ಲಗೆ ಹೊರಗೆಳೆದರು. ಕೆಟ್ಟ ಬಗೆಯಾದರೆ ಕಡ್ಡಿಯ ಜೊತೆ ಪಾಕದ ಎಳೆಯಂತೆ ಉದ್ದ ನೂಲು ಬರುತ್ತದಂತೆ. ನೂಲು ಬರಲಿಲ್ಲ. ನಾನು ಕೈಮುಗಿಯಹೋದೆ. "ತಾಳಿ, ತಾಳಿ. ಇದು ಒಣಗಿಬಿಟ್ಟಿದೆ. ಒಣಗಿದ್ದರಲ್ಲಿ ನೂಲು ಬರಲ್ಲ. ಇದನ್ನ ನಂಬಿ ನಿಮಗೆ ಹೂಂ ಅಂದ್ರೆ ನಾನು ಡಾಕ್ಟರೇ ಅಲ್ಲ" ಎಂದರು. ಗಾಜಿನ ಪಟ್ಟಿಯ ಮೇಲೆ ಒಂದಿಷ್ಟು ಸವರಿ, ಬಣ್ಣ ಹಾಕಿ, ಒಣಗಿಸಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು.

ಎಷ್ಟು ಹೊತ್ತು ನೋಡಿದರೋ! ಇನ್ನೊಂದು ಪಟ್ಟಿ ಮಾಡಿದರು. ಮತ್ತೊಂದು. ಟಕ್ ಸದ್ದೂ ನಿಂತುಹೋಯಿತು. ಗ್ರಂಥಪಾಲಕಿ ಬಾಗಿಲಲ್ಲಿ ನಿಂತು ಪೆನ್ಸಿಲನ್ನು ಕೂದಲಿನಿಂದ ತೆಗೆಯುವುದು, ಸಿಕ್ಕಿಸುವುದು. ನಾನು ಆಗ ಜೇನನ್ನು ನೆನೆಯುತ್ತಿರಲಿಲ್ಲ ಅತ್ತೆ. ಮಂಚದ ಮೇಲೆ ಮಡಚಿಟ್ಟ ನಿಮ್ಮ ಸೀರೆಗಳೇ ಕಣ್ಣಮುಂದೆ.

ಕೊನೆಗೆ ಅವರು ಕುರ್ಚಿ ಹಿಂದೆ ಸರಿಸಿ, "ಬನ್ನಿ, ನೀವೇ ನೋಡಿ" ಎಂದರು. ನೋಡಿದೆ. ಬೆಳಕಿನ ಬಟ್ಟಲೊಳಗೆ ಚೂಪು ತುದಿಯ ಸಣ್ಣ ಕಾಳುಗಳು, ಒಂದರ ಬಾಲಕ್ಕೊಂದು ಕಚ್ಚಿಕೊಂಡು ಸಾಲಾಗಿ ನಿಂತಿದ್ದವು. ಪಕ್ಕದಲ್ಲಿ ಅವರು ಸಂಘದ ಸಂಗ್ರಹದ ಹಳೆಯ ಪಟ್ಟಿಯೊಂದನ್ನಿಟ್ಟು ಕೆಟ್ಟ ಬಗೆಯನ್ನೂ ತೋರಿಸಿದರು: ಅದು ದುಂಡು ಮೊಟ್ಟೆಗಳ ರಾಶಿ. ಅಷ್ಟು ವ್ಯತ್ಯಾಸ ನನ್ನಂಥವಳಿಗೂ ಕಂಡಿತು.

"ಇದು ಸುಡೋ ರೋಗ ಅಲ್ಲಮ್ಮ" ಎಂದರು ಡಾಕ್ಟರು. ಟಕ್.

ಹೊಟ್ಟೆಗೆ ಹಾಲೆರೆದಂತಾಯಿತು ಎನ್ನುತ್ತಾರಲ್ಲ, ಆ ಮಾತಿನ ಅರ್ಥ ಇವತ್ತು ತಿಳಿಯಿತು. ಅವರ ಋಣ ಹೇಗೆ ತೀರಿಸಲಿ ಎಂದು ಯೋಚಿಸಿ, ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ: "ಸರ್, ನಿಮ್ಮ ಕೆಳಗಿನ ಸೆಟ್ ಒಂದು ನಿಮಿಷ ಕೊಡ್ತೀರಾ?" ಅವರು ಕೆಂಪಾದರು. ಗ್ರಂಥಪಾಲಕಿ ಕಿಟಕಿಯ ಕಡೆ ತಿರುಗಿ ಭುಜ ಕುಣಿಸತೊಡಗಿದರು. ನನ್ನ ಚೀಲದಲ್ಲಿ ಸೆಟ್ ತೀಡುವ ಅರ ಯಾವಾಗಲೂ ಇರುತ್ತದಲ್ಲ. ಬಚ್ಚಲ ಕಟ್ಟೆಯ ಮೇಲೆ ಕೂತು ಎಡಗಡೆಯ ಎತ್ತರ ತೆಗೆದು, ಅಂಚು ನಯ ಮಾಡಿ, ತೊಳೆದು ಕೊಟ್ಟೆ. ಹಾಕಿಕೊಂಡು ಬಿಸ್ಕತ್ತು ಕಡಿದರು. ಇನ್ನೊಂದು ಕಡಿದರು. ಸದ್ದಿಲ್ಲ. "ವರ್ಷಗಟ್ಟಲೆ ನನ್ನ ಭಾಷಣ ಯಾರೂ ಪೂರ್ತಿ ಕೇಳಿರಲಿಲ್ಲ, ಇನ್ನು ಕೇಳ್ತಾರೆ" ಎಂದರು. "ಈಗಲೂ ಕೇಳಲ್ಲ, ಆದ್ರೆ ಈಗ ಹಲ್ಲಿನ ಮೇಲೆ ತಪ್ಪು ಹಾಕೋ ಹಾಗಿಲ್ಲ" ಎಂದರು ಗ್ರಂಥಪಾಲಕಿ. ಕಾಲು ಬಿಡಿಸುತ್ತಿದ್ದವರೂ ತಲೆಯೆತ್ತಿ ನಕ್ಕರು.

ಈಗ ನೀವು ಮಾಡಬೇಕಾದ್ದು. ಡಾಕ್ಟರು ನೋಡಿದ್ದು ಒಂದೇ ಪೆಟ್ಟಿಗೆಯದ್ದು. ಹಾಗಾಗಿ ತಪಾಸಣೆಯವರನ್ನು ಕರೆಸಿ, ಅವರ ಎದುರಿಗೇ ಪ್ರತಿ ಪೆಟ್ಟಿಗೆಯಲ್ಲೂ ಹೊಸದಾಗಿ ಸತ್ತ ಮರಿಗೆ ಬೆಂಕಿಕಡ್ಡಿ ಚುಚ್ಚಿ ಎಳೆದು ನೋಡಿ. ಯಾವುದರಲ್ಲಾದರೂ ನೂಲು ಬಂತೋ, ಅದನ್ನು ಮನಸ್ಸು ಗಟ್ಟಿ ಮಾಡಿ ಸುಡಲೇಬೇಕು. ಡಾಕ್ಟರು ಇದನ್ನು ಒತ್ತಿ ಹೇಳಿದ್ದಾರೆ. ನೂಲು ಬರದಿದ್ದರೆ ಜೇನನ್ನು ಶುದ್ಧ ಪೆಟ್ಟಿಗೆಗೆ, ಹೊಸ ಚೌಕಟ್ಟುಗಳ ಮೇಲೆ ಕೊಡವಿ, ಹಳೆಯ ಎರಿ ಮಾತ್ರ ಸುಟ್ಟು, ಸಕ್ಕರೆ ಪಾಕ ಕೊಟ್ಟು, ಸೋತ ರಾಣಿಯನ್ನು ಬದಲಿಸಿ. ಪುಸ್ತಕದ ಆ ಪುಟಗಳನ್ನು ಗ್ರಂಥಪಾಲಕಿ ನಕಲು ಮಾಡಿ ಸಂಘದ ಮೊಹರು ಹಾಕಿ ಕೊಟ್ಟಿದ್ದಾರೆ, ಜೊತೆಗಿಟ್ಟಿದ್ದೇನೆ. ತಪಾಸಣೆಯವರಿಗೆ ತೋರಿಸಿ.

ಹೊರಡುವಾಗ ನಾನು ಅವರಿಗೆ ಏನು ಕೊಡಬೇಕು ಎಂದು ಕೇಳಿದೆ. "ನಿಮ್ಮತ್ತೆ ಜೇನು ಹೇಗಾಯ್ತು ಅಂತ ಬರೆದು ತಿಳಿಸಿ. ಉಳಿದ್ರೂ ಬರೀರಿ, ಸತ್ರೂ ಬರೀರಿ. ಮುಂದೆ ಯಾರೋ ಒಬ್ಬರು ಬರ್ತಾರಲ್ಲ ಹೀಗೇ ಅತ್ಕೊಂಡು, ಅವರಿಗೆ ಬೇಕಾಗುತ್ತೆ" ಎಂದರು. ಅವರ ಕೈ ಹಿಡಿದುಕೊಂಡೆ.

ಕಡ್ಡಿಯ ಪರೀಕ್ಷೆ ಏನಾಯಿತೆಂದು ಕೂಡಲೇ ಬರೆಯಿರಿ. ಅನುಮಾನವಿದ್ದರೆ ಡಾಕ್ಟರನ್ನು ಕೇಳಬಹುದೆಂದು, ನಿಮ್ಮ ಉತ್ತರ ಬರುವವರೆಗೆ ಈ ಹೆಂಗಸರ ವಸತಿಗೃಹದಲ್ಲೇ ಇರುತ್ತೇನೆ. ವಿಳಾಸ ಲಕೋಟೆಯ ಹಿಂದೆ ಇದೆ. ಕಿವಿಗೆ ಔಷಧಿ ಬಿಡುವುದು ಮರೆಯಬೇಡಿ. ಒಬ್ಬರೇ ಎಂದು ಅಡುಗೆ ಮಾಡದೆ ಮಲಗಬೇಡಿ.

ನಿಮ್ಮ ಕೈಯ ಮೇಣದ ವಾಸನೆಯನ್ನು ಇಲ್ಲೂ ಕಂಡುಕೊಂಡ,
ಹಲ್ಲಿನವಳು

ಮರುಬರಹ: ಲಕೋಟೆಗೆ ಗೋಂದು ಹಚ್ಚಿದೆ, ಅಂಟಿಸಲು ಕೈ ಬರಲಿಲ್ಲ. ನನಗೆ ಇಲ್ಲಿದ್ದ ಸಣ್ಣ ಕೆಲಸ ಕೋರ್ಟಿನಲ್ಲಿತ್ತು. ನಿಮ್ಮ ಮಗ ಮದುವೆಯಿಂದ ಬಿಡುಗಡೆ ಕೇಳಿದ್ದರು, ನಾನು ಒಪ್ಪಿದ್ದೆ. ನಿನ್ನೆ ಬೆಳಿಗ್ಗೆ ಇಬ್ಬರೂ ಕೊನೆಯ ಸಹಿ ಹಾಕಿದೆವು. ಜಗಳವಾಗಲಿಲ್ಲ. ಅವರು ಸ್ವಲ್ಪ ಇಳಿದುಹೋಗಿದ್ದಾರೆ, ಆರೋಗ್ಯವಾಗಿದ್ದಾರೆ, ನಿಮ್ಮ ಕಿವಿ ಹೇಗಿದೆ ಎಂದು ಕೇಳಿದರು. "ಒಂದು ಸಲ ಮನೆಗೆ ಬಂದು ಹೋಗು, ಎಲ್ಲ ಸರಿಮಾಡ್ಕೋಬಹುದು" ಎಂದು ನೀವು ಹೇಳಿಕಳಿಸಿದ್ದನ್ನು ಹಾಗೇ ಹೇಳಿದೆ. ಬೇಡವೆಂದು ತಲೆಯಾಡಿಸಿದರು. ಅದೇ ಉತ್ತರ. ಅಲ್ಲಿಂದ ನೇರ ಸಂಘದ ಮೆಟ್ಟಿಲು ಹತ್ತಿ "ನಮ್ಮತ್ತೆ ಜೇನು" ಎಂದವಳು ನಾನು. ಆ ಹೊತ್ತಿಗಾಗಲೇ ಕಾನೂನಿನ ಲೆಕ್ಕದಲ್ಲಿ ನೀವು ನನಗೆ ಅತ್ತೆಯಲ್ಲ. ಡಾಕ್ಟರನ್ನು ಕೇಳಲು ಇಲ್ಲಿ ಉಳಿಯುತ್ತೇನೆ ಎಂದದ್ದು ಅರ್ಧ ನಿಜ. ಆ ಮನೆಗೆ ಯಾವ ಮುಖ ಹೊತ್ತು ಬರಲಿ ಎಂದು ತಿಳಿಯದೆ ಉಳಿದಿದ್ದೇನೆ. ಬಾಡಿಗೆ ಕೊಟ್ಟುಕೊಂಡು ಹಿಂದಿನ ಕೋಣೆಯಲ್ಲಿರಲೇ? ನಿಮ್ಮನ್ನು ಏನೆಂದು ಕರೆಯಲಿ? ನನ್ನ ನಾಲಿಗೆಗೆ ರೂಢಿಯಿರುವುದು ಒಂದೇ ಪದ.

* * *

ಶುಕ್ರವಾರ, ಬೆಳಿಗ್ಗೆ

ಹಲ್ಲಿನವಳಿಗೆ,

ಹಿರಿಯಳ ಆಶೀರ್ವಾದ. ನಿನ್ನ ಕಾಗದ ನಿನ್ನೆ ಬೆಳಿಗ್ಗೆಯೇ ಬಂತು. ದರ್ಜಿ ನನ್ನ ಒಳ್ಳೇ ಕಿವಿಯ ಕಡೆಯೇ ನಿಂತು, ಬೀದಿಗೆಲ್ಲ ಕೇಳುವಂತೆ "ಸುಡಬೇಡೀ" ಎಂದು ಕೂಗಿದ್ದ. ಆ ಕಡೆ ಈ ಕಡೆ ಮನೆಯವರು ಏನು ಸುಡುತ್ತಿದ್ದಾರೋ ಎಂದು ಬಿಂದಿಗೆ ನೀರು ಹಿಡಿದು ಓಡಿಬಂದರು. ನಿನ್ನಿಂದ ನಾನು ಊರಿಗೆಲ್ಲ ನಗೆಪಾಟಲಾದೆ.

ಎರಿ ಕದ್ದದ್ದು ನನಗೆ ಗೊತ್ತಾಗಿರಲಿಲ್ಲ ಎಂದುಕೊಂಡೆಯಾ? ನಾನು ಕತ್ತರಿಸಿದರೆ ಇಷ್ಟು ವಕ್ರವಾಗಿ ಕತ್ತರಿಸುತ್ತೇನೆಯೇ? ಸುಮ್ಮನಿದ್ದೆ. ನೀನಾದರೂ ಏನೋ ಮಾಡುತ್ತಿದ್ದೀಯಲ್ಲ, ಮಾಡಲಿ ಎಂದುಕೊಂಡೆ. ನನಗೆ ಕೈಕಾಲು ಆಡುತ್ತಿರಲಿಲ್ಲ, ಅದು ನಿಜ. ಅಷ್ಟು ವರ್ಷ ಸಾಕಿದ್ದನ್ನು ಗುಂಡಿಗೆ ಹಾಕು ಎಂದರೆ ಯಾರಿಗಾದರೂ ಹಾಗೇ.

ತಪಾಸಣೆಯವರನ್ನು ಕರೆಸಿದೆ. ಮೊಹರು ಹಾಕಿದ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ಓದಿದರು. ಮೊದಲು ಮುಖ ಗಂಟಿಕ್ಕಿದರು. ಆಮೇಲೆ ತಾವೇ ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, "ಬನ್ನಿ ಅಮ್ಮ, ನೋಡೇಬಿಡೋಣ" ಎಂದರು. ಒಂದೊಂದೇ ಪೆಟ್ಟಿಗೆ ತೆಗೆದೆವು. ಅವರು ಕಡ್ಡಿ ಚುಚ್ಚುವುದು, ನಾನು ಉಸಿರು ಹಿಡಿಯುವುದು. ಎಲ್ಲೂ ನೂಲು ಬರಲಿಲ್ಲ. ನಲ್ಲಿಯ ಹತ್ತಿರದ ಪೆಟ್ಟಿಗೆಯಲ್ಲಿ ಅವರಿಗೆ ಅನುಮಾನ ಬಂದು ಬೇರೆ ಬೇರೆ ಕಣ್ಣುಗಳಲ್ಲಿ ಚುಚ್ಚಿ ನೋಡಿದರು. ಅಲ್ಲೂ ಇಲ್ಲ. "ಸುಡಿ ಅಂದಿದ್ದು ನಾನು ಭಯಕ್ಕೆ. ಸುಡದೇ ಇದ್ದಿದ್ದು ಒಳ್ಳೇದಾಯ್ತು" ಎಂದರು. ಒಪ್ಪಿಕೊಳ್ಳುವುದು ದೊಡ್ಡತನವಲ್ಲವೇ, ಚಹಾ ಮಾಡಿಕೊಟ್ಟೆ. ಎಲ್ಲ ಪೆಟ್ಟಿಗೆಗಳ ಮೇಲೂ ಕೆಲವು ತಿಂಗಳು ಕಣ್ಣಿಡುತ್ತೇನೆ ಎಂದು ಹೇಳಿ, ಆ ಸಂಘದ ವಿಳಾಸವನ್ನು ಅಂಗೈಮೇಲೇ ಬರೆದುಕೊಂಡು ಹೋದರು.

ಸಂಜೆ ಕೊಡವುವ ಕೆಲಸ ಶುರು ಮಾಡಿದೆ. ಅರ್ಧ ಆಗಿದೆ. ಗೋಡೆ ಪಕ್ಕದ ಕುಟುಂಬದಲ್ಲಿ ಹುಳ ತೀರಾ ಕಡಿಮೆ, ಅದರ ರಾಣಿಯೂ ಸತ್ತಿದೆ. ಅದನ್ನು ಉಳಿಸಲು ಆಗಲಿಲ್ಲ. ಇದ್ದ ನಾಲ್ಕು ಹುಳವನ್ನು ಪಕ್ಕದ್ದಕ್ಕೆ ಸೇರಿಸಿದೆ. ಬೇಜಾರಾಯಿತು. ಆದರೆ ಇವತ್ತು ಬೆಳಿಗ್ಗೆ ಹೊಸ ಪೆಟ್ಟಿಗೆಯ ಬಾಗಿಲಲ್ಲಿ ಕೂತು ನೋಡಿದೆ, ಕಾಲಿಗೆ ಹಳದಿ ಮೆತ್ತಿಕೊಂಡು ಬರುತ್ತಿವೆ. ಹಾಳು ಮನೆಗೆ ಯಾರೂ ಸಾಮಾನು ಹೊತ್ತು ತರುವುದಿಲ್ಲವಲ್ಲ. ಇದನ್ನು ಆ ಪೆನ್ಸಿಲ್ ತಲೆಯ ಅಮ್ಮನವರಿಗೆ ಹೇಳು. ಒಂದು ಕುಟುಂಬ ಹೋಯಿತು ಎಂಬುದನ್ನೂ ಮುಚ್ಚಿಡದೆ ಹೇಳು. ಎಲ್ಲ ಮುಗಿದ ಮೇಲೆ ನಾನೇ ಕೂತು ಬರೆಯುತ್ತೇನೆ. ನನ್ನ ಅಕ್ಷರ ದಪ್ಪ, ಅವರ ಕಪಾಟಿನಲ್ಲಿ ಹಿಡಿಸುತ್ತದೆಯೇ ಕೇಳಿಕೋ. ಡಾಕ್ಟರಿಗೆ ನನ್ನ ನಮಸ್ಕಾರ ತಿಳಿಸು. ನೀನು ಪರಪುರುಷರ ಹಲ್ಲು ಬಿಚ್ಚಿಸಿದ್ದನ್ನು ಓದಿ ಒಬ್ಬಳೇ ಕೂತು ನಕ್ಕೆ, ಬೆಕ್ಕು ಹೆದರಿ ಓಡಿತು.

ಮಡಚಿದ್ದ ಸೀರೆಗಳನ್ನು ಮತ್ತೆ ಬೀರುವಿಗೆ ಇಟ್ಟಿದ್ದೇನೆ. ಮೊಮ್ಮಕ್ಕಳ ಮೂಗು ಅವರಮ್ಮನೇ ಒರೆಸಲಿ ಎಂದು ಮಗಳಿಗೆ ಬರೆದು ಹಾಕಿದೆ.

ಔಷಧಿ ಬಿಟ್ಟುಕೊಂಡಿದ್ದೇನೆ. ಅಡುಗೆಯೂ ಮಾಡಿದ್ದೇನೆ. ಉಪ್ಪು ಜಾಸ್ತಿಯಾಯಿತು, ಹೇಳಲು ಯಾರೂ ಇರಲಿಲ್ಲ.

ನಿನ್ನ ಅತ್ತೆ

ಮರುಬರಹ: ಕೋರ್ಟಿನ ವಿಷಯ ಕೊನೆಗೆ ಬರೆದೆಯಲ್ಲ, ನಾನೂ ಕೊನೆಗೇ ಬರೆಯುತ್ತೇನೆ. ನಿನ್ನನ್ನು ಹೋಗಲು ಬಿಟ್ಟದ್ದು ಜೇನಿಗಾಗಿ ಮಾತ್ರ ಅಲ್ಲ. ಅವನನ್ನು ನೋಡಿದರೆ ಏನಾದರೂ ಸರಿಹೋದೀತು ಎಂಬ ಆಸೆ ನನಗಿತ್ತು. ಮುದುಕಿಯ ಆಸೆ, ಈಗ ಬಿಟ್ಟೆ. ನಿನ್ನೆ ನಿನ್ನ ಕಾಗದ ಓದಿ ಸ್ವಲ್ಪ ಹೊತ್ತು ಹಿತ್ತಲಲ್ಲಿ ಕೂತಿದ್ದೆ, ಅಷ್ಟೇ. ಅವನು ನನ್ನ ಮಗ, ಅವನನ್ನು ಬೈಯುವುದೂ ಕ್ಷಮಿಸುವುದೂ ನನಗೆ ಬಿಟ್ಟದ್ದು, ನೀನು ಅದರ ಭಾರ ಹೊರಬೇಡ. ಬಾಡಿಗೆಯ ಮಾತೆತ್ತಿದರೆ ಬೆನ್ನ ಮೇಲೆ ಬೀಳುತ್ತದೆ. ಇನ್ನು ನೀನು ಕೇಳಿದ್ದು. ಆ ಕಾಗದಕ್ಕೆ ಅವನು ಸಹಿ ಹಾಕಿದ, ನೀನು ಹಾಕಿದೆ, ಕೋರ್ಟಿನ ಸಾಹೇಬರೂ ಹಾಕಿರಬೇಕು. ನನ್ನನ್ನು ಯಾರಾದರೂ ಒಂದು ಮಾತು ಕೇಳಿದರೇ? ನಾನು ಎಲ್ಲೂ ಸಹಿ ಹಾಕಿಲ್ಲ. ಕಾಗದ ಸಿಕ್ಕ ಕೂಡಲೇ ಬಸ್ಸು ಹತ್ತು.